ಅರಮನೆ ಮೈದಾನದ ಕರಿ ಅಂಗಿಗಳು

2007ರ ಮಾರ್ಚ್ 17, ಶನಿವಾರ. ನಡುಹಗಲಿಗೇ ಬೆಂಗಳೂರಿನ ಮೇಖ್ರಿ ವೃತ್ತದ ಸುತ್ತಮುತ್ತ ಕರಿ ಅಂಗಿ ತೊಟ್ಟ ಹುಡುಗರು ಕಾಣಿಸಿಕೊಂಡರು. ಮೊದಲು ಇಬ್ಬರು ಮೂವರು. ಹೊತ್ತು ಇಳಿಯುತ್ತ ಬಂದಂತೆ ಬಳ್ಳಾರಿ ರಸ್ತೆಯ ಅಂಚಿನುದ್ದಕ್ಕೂ ಅವರೇ. ಸಿಟಿ ಬಸ್ಸಿನಿಂದ ಇಳಿದವರು, ರೈಲು ನಿಲ್ದಾಣದಿಂದ ಆಟೊ ಹಿಡಿದವರು, ಊರಿನಿಂದ ರಾತ್ರಿ ಬಸ್ಸು ಹತ್ತಿ ಬಂದು ಮುಖ ಮಾತ್ರ ತೊಳೆದುಕೊಂಡು ಹಾಗೇ ಹೊರಟವರು. ಬಹುಪಾಲು ಅಂಗಿಗಳ ಮೇಲೆ ಒಂದೇ ಮುಖ: ಮಾಂಸ ಕಳಚಿ, ಹಲ್ಲು ಕಿರಿದು, ಕೂದಲು ಕೆದರಿಕೊಂಡ ಎಡ್ಡಿ, ಐರನ್ ಮೇಡನ್ ತಂಡದ ಲಾಂಛನ. ರಸ್ತೆ ಬದಿಯ ಎಳನೀರಿನವರು, ಸಂಚಾರಿ ಪೊಲೀಸರು, ಬಸ್ಸಿನ ಕಿಟಕಿಯಲ್ಲಿ ಕುಳಿತವರು ಈ ಮೆರವಣಿಗೆಯನ್ನು ಕಣ್ಣರಳಿಸಿ ನೋಡುತ್ತಿದ್ದರು. ಯಾವ ಪಕ್ಷದ ಸಭೆ ಇದು, ಯಾರ ವಿರುದ್ಧ ಕಪ್ಪು ಬಟ್ಟೆ ಎಂದು ಕೇಳಿದವರೂ ಉಂಟು.

ಐರನ್ ಮೇಡನ್ ಭಾರತಕ್ಕೆ ಬಂದದ್ದು ಅದೇ ಮೊದಲು. 1975ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಬಾಸ್ ಗಿಟಾರಿನ ಸ್ಟೀವ್ ಹ್ಯಾರಿಸ್ ಕಟ್ಟಿದ ತಂಡ ಅದು. 1982ರಲ್ಲಿ ಬಂದ ‘ದ ನಂಬರ್ ಆಫ್ ದ ಬೀಸ್ಟ್’ ಆಲ್ಬಮ್ಮು ಅವರನ್ನು ಹೆವಿ ಮೆಟಲ್ಲಿನ ಮುಂಚೂಣಿಗೆ ತಂದಿತ್ತು. ಬೆಂಗಳೂರಿಗೆ ಅವರು ಬರುವ ಹೊತ್ತಿಗೆ ಆ ಆಲ್ಬಮ್ಮಿಗೇ 25 ವರ್ಷ. ಮೈದಾನಕ್ಕೆ ನಡೆದು ಹೋಗುತ್ತಿದ್ದವರಲ್ಲಿ ಅನೇಕರು ಆ ಹಾಡುಗಳು ಮೊದಲು ಹೊರಬಂದಾಗ ಹುಟ್ಟಿಯೇ ಇರಲಿಲ್ಲ.

ಆ ಸಂಜೆಗೆ ಎರಡು ದಶಕ ತುಂಬುತ್ತ ಬಂದಿದೆ. ಬೆಂಗಳೂರಿನ ಚರಿತ್ರೆ ಬರೆಯುವಾಗ ನಾವು ಕೆಂಪೇಗೌಡರಿಂದ ಹಿಡಿದು ಕಾರ್ಖಾನೆಗಳವರೆಗೆ, ಕಾರ್ಖಾನೆಗಳಿಂದ ಸಾಫ್ಟ್‌ವೇರಿನವರೆಗೆ ಬರುತ್ತೇವೆ. ಸಂಗೀತದ ವಿಷಯ ಬಂದರೆ ರಾಮನವಮಿಯ ಪೆಂಡಾಲು, ಸುಗಮ ಸಂಗೀತ, ಸಿನಿಮಾ ಹಾಡು. ಈ ನಗರದ ರಾಕ್ ಸಂಗೀತದ ಬದುಕು ಕಂಟೋನ್ಮೆಂಟಿನ ಇಂಗ್ಲಿಷ್ ಮಂದಿಯ ವ್ಯವಹಾರ, ಕನ್ನಡದವರಿಗೆ ಅದರಲ್ಲೇನು ಕೆಲಸ ಎಂಬ ತೀರ್ಮಾನ ನಮ್ಮ ಬರವಣಿಗೆಯಲ್ಲಿ ಯಾವತ್ತೋ ಆಗಿಹೋಗಿದೆ. ಅದು ತಪ್ಪು ತೀರ್ಮಾನವೆಂದು ಅವತ್ತು ಆ ಮೈದಾನದಲ್ಲಿ ನಿಂತಿದ್ದ ಯಾರಿಗಾದರೂ ಗೊತ್ತು. ನಾನೂ ಅಲ್ಲಿದ್ದೆ. ನನ್ನ ಎಡಗಡೆಯ ಗುಂಪು ಹಾಸನದ ಕನ್ನಡದಲ್ಲಿ ಜಗಳವಾಡುತ್ತಿತ್ತು, ಹಿಂದಿನವರು ಮಂಗಳೂರಿನ ತುಳುವಿನಲ್ಲಿ, ಮುಂದಿನವರು ಮಲಯಾಳದಲ್ಲಿ. ಜಗಳದ ವಿಷಯ ಮಾತ್ರ ಒಂದೇ: ಮೊದಲ ಹಾಡು ಯಾವುದು.

ಮೈದಾನದ ಕತೆಯನ್ನು ಮೊದಲು ಹೇಳಬೇಕು. ಅದಿಲ್ಲದೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಸೆಂಟ್ರಲ್ ಹೈಸ್ಕೂಲಿನ, ಅಂದರೆ ಮುಂದೆ ಸೆಂಟ್ರಲ್ ಕಾಲೇಜಾದ ಸಂಸ್ಥೆಯ ಮೊದಲ ಪ್ರಿನ್ಸಿಪಾಲರಾಗಿದ್ದ ರೆವರೆಂಡ್ ಗ್ಯಾರೆಟ್ ಅವರ ಆಸ್ತಿ ಅದು. ಬಾಲಕ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ 1873ರಲ್ಲಿ ಅದನ್ನು ಕೊಂಡು, ಅರಮನೆಯಾಗಿ ಬೆಳೆಸಲಾಯಿತು. ಸುತ್ತ 450 ಎಕರೆಗೂ ಮಿಕ್ಕಿದ ಬಯಲು. ನಗರ ನಾಲ್ಕೂ ಕಡೆಯಿಂದ ಬೆಳೆದು ಒತ್ತಿ ಬಂದರೂ ಈ ಬಯಲು ಬಯಲಾಗಿಯೇ ಉಳಿಯಿತು. 1996ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಅರಮನೆಯನ್ನೂ ಮೈದಾನವನ್ನೂ ಸ್ವಾಧೀನಪಡಿಸಿಕೊಳ್ಳಲು ಕಾನೂನು ತಂದಿತು. ರಾಜಮನೆತನ ನ್ಯಾಯಾಲಯಕ್ಕೆ ಹೋಯಿತು. ಹೈಕೋರ್ಟು ಕಾನೂನನ್ನು ಎತ್ತಿಹಿಡಿದ ಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಯಥಾಸ್ಥಿತಿ ಕಾಪಾಡಬೇಕೆಂಬ ಆದೇಶದ ಅಡಿಯಲ್ಲಿ ಅಲ್ಲಿ ಕಾಯಂ ಕಟ್ಟಡ ಏಳುವಂತಿರಲಿಲ್ಲ. ಏಳಬಹುದಾದದ್ದು ತಾತ್ಕಾಲಿಕ ಚಪ್ಪರ, ಮದುವೆ ಮಂಟಪ, ವಸ್ತುಪ್ರದರ್ಶನ, ರಾಜಕೀಯ ಸಮಾವೇಶ ಮತ್ತು ವೇದಿಕೆ. ಜಗತ್ತಿನ ದೊಡ್ಡ ತಂಡಗಳನ್ನು ಮೂವತ್ತು ನಲವತ್ತು ಸಾವಿರ ಜನರ ಎದುರು ನಿಲ್ಲಿಸಬಲ್ಲ ಬಯಲು ನಗರದ ನಟ್ಟನಡುವೆ ಉಳಿದದ್ದು ಒಂದು ಆಸ್ತಿ ವ್ಯಾಜ್ಯದ ದೆಸೆಯಿಂದ. ಮುಂಬಯಿಗಿಂತ, ದೆಹಲಿಗಿಂತ ಬೆಂಗಳೂರು ರಾಕ್ ತಂಡಗಳಿಗೆ ಹತ್ತಿರವಾದದ್ದಕ್ಕೆ ಜನ ಕೊಡುವ ಕಾರಣಗಳು ಹಲವು. ನನಗೆ ಈ ಕಾರಣ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ.

ಇನ್ನೊಂದು ಸಂಗತಿಯೂ ಉಂಟು. ಈ ಅರಮನೆಯ ಒಡೆಯರಾಗಿದ್ದ ಜಯಚಾಮರಾಜೇಂದ್ರರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು ಮಾತ್ರವಲ್ಲ, ಪಿಯಾನೊ ಕಲಿತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಮನಸೋತವರು. ಲಂಡನ್ನಿನಲ್ಲಿ ಮರೆತುಹೋಗುತ್ತಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ಅವರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿ ಕೇಳಿಬಂದಾಗ, ಆ ಕಛೇರಿಯ ಖರ್ಚಿಗೆ ಭರವಸೆ ನಿಂತವರೂ ಅವರೇ. ಇಂಥವರ ಅಂಗಳದಲ್ಲಿ ಗಿಟಾರುಗಳು ಮೊಳಗಿದ್ದು ನನಗೆ ಪರಕೀಯವಾಗಿ ಕಾಣುವುದಿಲ್ಲ. ಹೊರಗಿನ ಸಂಗೀತವನ್ನು ಪ್ರೀತಿಯಿಂದ ಒಳಗೆ ಬಿಟ್ಟುಕೊಂಡ ಮನೆಯದು. 2005ರಲ್ಲಿ ಸಿ. ಅಶ್ವತ್ಥರು ‘ಕನ್ನಡವೇ ಸತ್ಯ’ ಎಂದು ಭಾವಗೀತೆಗಳಿಗೆ ಜನಸಾಗರ ಸೇರಿಸಿದ್ದೂ ಇದೇ ಮೈದಾನದಲ್ಲಿ. ಎರಡೇ ವರ್ಷಗಳ ಅಂತರದಲ್ಲಿ ಕುವೆಂಪು, ಬೇಂದ್ರೆ, ಶರೀಫರ ಪದಗಳೂ ಐರನ್ ಮೇಡನ್ನಿನ ಹಾಡುಗಳೂ ಒಂದೇ ಮಣ್ಣಿನ ಮೇಲೆ ಕೇಳಿದವು. ಎರಡೂ ಕಡೆ ಇದ್ದವರನ್ನು ನಾನು ಬಲ್ಲೆ.

ಕೇಳುಗರು ಎಲ್ಲಿಂದ ಬಂದರು? ಬೆಂಗಳೂರಿನಲ್ಲಿ ರಾಕ್ ಹೊಸದಲ್ಲ. 1970ರ ದಶಕದಲ್ಲೇ ಹ್ಯೂಮನ್ ಬಾಂಡೇಜ್ ಎಂಬ ತಂಡ ಇಲ್ಲಿಂದ ಹೊರಟು ದೇಶ ಸುತ್ತಿತ್ತು. 1989ರಲ್ಲಿ ರೆಸ್ಟ್ ಹೌಸ್ ರಸ್ತೆಯಲ್ಲಿ ತೆರೆದ ಪೆಕೋಸ್ ಪಬ್ಬಿನ ಗೋಡೆಗಳನ್ನು ನೋಡಿ ಹೆಂಡ್ರಿಕ್ಸ್ ಯಾರು, ಮಾರಿಸನ್ ಯಾರು ಎಂದು ತಿಳಿದುಕೊಂಡವರು ಬಹಳ. 1991ರ ನಂತರ ಸ್ಟಾರ್ ಟಿವಿಯ ಜೊತೆ ಎಂಟಿವಿ ಬಂತು. 1996ರಿಂದ ಸ್ವಾತಂತ್ರ್ಯ ದಿನದ ಸುತ್ತ ಟಿಕೆಟ್ಟಿಲ್ಲದ ಫ್ರೀಡಮ್ ಜಾಮ್ ಶುರುವಾಯಿತು. ನಾಗರಬಾವಿಯ ಲಾ ಸ್ಕೂಲಿನ ಸ್ಟ್ರಾಬೆರಿ ಫೀಲ್ಡ್ಸ್‌ನಲ್ಲಿ ಹೊಸ ತಂಡಗಳು ರಾತ್ರಿಯಿಡೀ ನುಡಿಸಿದವು. ಇಷ್ಟು ನಗರದ ಮಾತು.

ಆದರೆ ಮಾರ್ಚ್ 17ರ ಗುಂಪನ್ನು ಕಟ್ಟಿದ್ದು ನಗರದ ಪಬ್ಬುಗಳಲ್ಲ, ಎಂಜಿನಿಯರಿಂಗ್ ಕಾಲೇಜುಗಳ ಹಾಸ್ಟೆಲುಗಳು. ಸುರತ್ಕಲ್, ದಾವಣಗೆರೆ, ಹಾಸನ, ಮೈಸೂರು, ತುಮಕೂರು. ತೊಂಬತ್ತರ ದಶಕದ ಕೊನೆಗೆ ಹಾಸ್ಟೆಲ್ ಕೋಣೆಗಳಿಗೆ ಜೋಡಿಸಿ ತಂದ ಕಂಪ್ಯೂಟರುಗಳು ಬಂದವು, ಅವುಗಳ ಜೊತೆ ಎಂಪಿ3 ಸಿಡಿಗಳು. ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಒಂದು ಸಿಡಿ ಕೊಂಡರೆ ಅದರೊಳಗೆ ಒಂದು ತಂಡದ ಇಡೀ ಜೀವಮಾನದ ಹಾಡುಗಳು. ಅದು ಕದ್ದ ಮಾಲು ಎಂಬುದು ಎಲ್ಲರಿಗೂ ಗೊತ್ತಿತ್ತು. ನಿಜವಾದ ಕ್ಯಾಸೆಟ್ಟು ಊರಿನ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಸೀನಿಯರ್ ಒಬ್ಬ ಕೋಣೆಗೆ ಕರೆದು, ಬಾಗಿಲು ಹಾಕಿ, ಸ್ಪೀಕರಿನ ದನಿ ಏರಿಸಿ, ಇದನ್ನು ಕೇಳು ಎನ್ನುವನು. ಆ ಕ್ಷಣದಿಂದ ಕೇಳಿದವನೂ ಆ ಪಂಗಡದವನು. ನೂರಾರು ಜನರಿಂದ ಇದೇ ಕತೆಯನ್ನು ಕೇಳಬಹುದು, ಕೋಣೆಯ ನಂಬರು ಮಾತ್ರ ಬೇರೆ.

ಅದರಲ್ಲೂ ಐರನ್ ಮೇಡನ್ ಯಾಕೆ? ಇದರ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವರ ಹಾಡುಗಳಲ್ಲಿ ಕತೆಯಿದೆ. ‘ದ ಟ್ರೂಪರ್’ 1854ರ ಬಾಲಾಕ್ಲಾವಾ ಯುದ್ಧದಲ್ಲಿ ಫಿರಂಗಿಗಳ ಬಾಯಿಗೆ ನುಗ್ಗಿದ ಕುದುರೆ ಸವಾರರ ಕತೆ. ಅಲೆಕ್ಸಾಂಡರನ ಮೇಲೆ ಒಂದು ಹಾಡು, ಗಲ್ಲಿಗೇರಲಿರುವ ಕೈದಿಯ ಕೊನೆಯ ಗಳಿಗೆಗಳ ಮೇಲೆ ಒಂದು ಹಾಡು, ಅಮೆರಿಕದ ಮೂಲನಿವಾಸಿಗಳ ಮೇಲೆ ನಡೆದ ದಾಳಿಯ ಮೇಲೆ ಒಂದು. ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥನಕವನವನ್ನು ಹಿಡಿದು 1984ರಲ್ಲಿ ಅವರು ಹದಿಮೂರು ನಿಮಿಷಕ್ಕೂ ಉದ್ದದ ಹಾಡು ಕಟ್ಟಿದರು. ಇಂಗ್ಲಿಷ್ ಪಾಠದಲ್ಲಿ ಆ ಕವನವನ್ನು ಬಾಯಿಪಾಠ ಮಾಡಿ ಬೇಸತ್ತಿದ್ದ ಹುಡುಗರಿಗೆ ಅದರ ರುಚಿ ಹತ್ತಿಸಿದ್ದು ಈ ತಂಡ. ಪ್ರೇಮದ ಹಾಡು ಅವರಲ್ಲಿ ಹುಡುಕಬೇಕು. ಯುದ್ಧ, ಸಾವು, ದೆವ್ವ, ದೈವ, ರಾಜರು ಇವೆಲ್ಲ ಧಾರಾಳ. ಪುರಾಣ ಕೇಳಿ ಬೆಳೆದ ಮಕ್ಕಳಿಗೆ ಈ ಲೋಕ ಅಪರಿಚಿತವಲ್ಲ. ಪ್ರತಿ ಪ್ರದರ್ಶನದಲ್ಲೂ ಒಂದು ಹೊತ್ತಿನಲ್ಲಿ ಆಳೆತ್ತರ ಮೀರಿದ ಎಡ್ಡಿ ವೇದಿಕೆಗೆ ಇಳಿದು ಗಿಟಾರಿನವರ ಮೇಲೆ ಎರಗುತ್ತಾನೆ. ಬಯಲಾಟದಲ್ಲಿ ಬಣ್ಣದ ವೇಷ ಅಬ್ಬರಿಸಿ ಬಂದಾಗ ಎದ್ದು ಕೂರುವ ಹಾಗೆ ಜನ ಎಚ್ಚರಗೊಳ್ಳುತ್ತಾರೆ.

ಇಲ್ಲಿ ಒಬ್ಬ ಗೆಳೆಯನ ವಿಷಯ ಹೇಳಬೇಕು. ಅವನ ಊರು ವಯನಾಡಿನ ಮರಕ್ಕಡವು. ಕಬಿನಿ ಅಲ್ಲಿ ಗಡಿ. ಈ ದಡದಲ್ಲಿ ಕೇರಳದ ಮರಕ್ಕಡವು, ಆ ದಡದಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಬೈರಕುಪ್ಪೆ. ನಡುವೆ ಸೇತುವೆ ಬೇಕೆಂಬ ಬೇಡಿಕೆ ಹಳೆಯದು. ಜನ ದಾಟುವುದು ತೋಣಿಯಲ್ಲಿ. ಬೇಸಿಗೆಯಲ್ಲಿ ನೀರಿಳಿದರೆ ಕಾಲ್ನಡಿಗೆಯಲ್ಲಿ. ಅವನ ಮನೆಮಾತು ಕನ್ನಡ, ಓದಿದ್ದು ಪುಲ್ಪಳ್ಳಿಯಲ್ಲಿ ಮಲಯಾಳದಲ್ಲಿ, ಡಿಪ್ಲೊಮಾ ಮಾಡಿದ್ದು ಮೈಸೂರಿನಲ್ಲಿ. ಪುಲ್ಪಳ್ಳಿ ಸೀಮೆಯ ಕರಿಮೆಣಸಿನ ಬಳ್ಳಿಗಳಿಗೆ ಸೊರಗು ರೋಗ ತಗುಲಿ, ಜೊತೆಗೆ ಬೆಲೆಯೂ ಕುಸಿದು ವಯನಾಡಿನ ರೈತರು ತತ್ತರಿಸಿಹೋದ ವರ್ಷಗಳವು. ಸಾಲ ತೀರಿಸಲಾಗದೆ ಜೀವ ಕಳೆದುಕೊಂಡವರ ಸುದ್ದಿ ಆ ಸೀಮೆಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಎಷ್ಟೋ ಮನೆಯವರು ಹೊಳೆ ದಾಟಿ ಕರ್ನಾಟಕದಲ್ಲಿ ನೆಲ ಗುತ್ತಿಗೆ ಹಿಡಿದು ಶುಂಠಿ ಹಾಕಲು ಹೊರಟರು. ಇವನ ಅಪ್ಪನೂ ಹಾಗೆ ಹೊರಟವರಲ್ಲಿ ಒಬ್ಬರು.

ಇಂಥ ಹೊತ್ತಿನಲ್ಲಿ ಒಂದು ಹಾಡಿನ ಸಂಜೆಗೆ ಟಿಕೆಟ್ಟು ಕೊಳ್ಳುವುದೆಂದರೆ ಏನೆಂದು ಅವನೇ ಹೇಳಬೇಕು. ಮೊನ್ನೆ ಫೋನಿನಲ್ಲಿ ಕೇಳಿದೆ. “ಅಪ್ಪನ ಹತ್ರ ಕೇಳಲಿಲ್ಲ ಕಣೋ. ಕೇಳಿದ್ರೆ ಕೊಡ್ತಿದ್ರು, ಅದಕ್ಕೇ ಕೇಳಲಿಲ್ಲ” ಎಂದ. ಶುಂಠಿ ಹೊಲದಲ್ಲಿ ಕೂಲಿಯವರ ಲೆಕ್ಕ ಬರೆದ ಸಂಬಳದಿಂದ ಕೊಂಡಿದ್ದನಂತೆ. ಶುಕ್ರವಾರ ಹೊಳೆ ದಾಟಿ, ಬೈರಕುಪ್ಪೆಯಿಂದ ಬಳ್ಳೆಯ ಕಾಡು ಹಾದು ಎಚ್.ಡಿ. ಕೋಟೆ, ಅಲ್ಲಿಂದ ಮೈಸೂರು, ರಾತ್ರಿ ಹಳೆಯ ಹಾಸ್ಟೆಲಿನಲ್ಲಿ ಮಲಗಿ ಬೆಳಗ್ಗೆ ಬೆಂಗಳೂರು. ಅವನ ಪುಲ್ಪಳ್ಳಿಯ ಜೊತೆಗಾರರು ಬತ್ತೇರಿಯಿಂದ ರಾತ್ರಿ ಬಸ್ಸು ಹತ್ತಿ ಬಂಡೀಪುರದ ಕಾಡಿನ ದಾರಿಯಲ್ಲಿ ಗುಂಡ್ಲುಪೇಟೆ ಹಿಡಿದು ಬಂದರು. ಆಗ ಆ ದಾರಿ ರಾತ್ರಿಯೂ ತೆರೆದಿತ್ತು. 2009ರಲ್ಲಿ ಪ್ರಾಣಿಗಳ ರಕ್ಷಣೆಗೆಂದು ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರ ನಿಂತಿತು. ಕಾಡಿನ ಮಟ್ಟಿಗೆ ಅದು ಒಳ್ಳೆಯ ತೀರ್ಮಾನ ಎಂದೇ ನಾನು ನಂಬಿದ್ದೇನೆ. ಆದರೆ ಉಂಡು ಬಸ್ಸು ಹತ್ತಿ, ಬೆಳಗ್ಗೆ ಇಳಿದು, ಸಂಜೆ ಕೇಳಿ, ಮತ್ತೆ ರಾತ್ರಿಯೇ ಮರಳುವ ಆ ಪಯಣ ಮುಗಿಯಿತು.

ಮೇಡನ್‌ಗೂ ಮುಂಚೆ ಅರಮನೆ ಮೈದಾನ ದೊಡ್ಡವರನ್ನು ಕಂಡಿತ್ತು. 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ಪಿಂಕ್ ಫ್ಲಾಯ್ಡಿನ ರೋಜರ್ ವಾಟರ್ಸ್, 2005ರಲ್ಲಿ ಮಾರ್ಕ್ ನಾಫ್ಲರ್. ಇವೆಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದದ್ದು 2003ರ ಏಪ್ರಿಲ್ 4ರ ಶುಕ್ರವಾರ. ನಲವತ್ತು ವರ್ಷ ಹಾಡಿದ ಮೇಲೆ ರೋಲಿಂಗ್ ಸ್ಟೋನ್ಸ್ ಭಾರತದಲ್ಲಿ ಮೊದಲ ಬಾರಿ ವೇದಿಕೆ ಹತ್ತಿದ್ದು ಅಂದು. ಇರಾಕ್ ಯುದ್ಧ ಶುರುವಾಗಿ ಎರಡು ವಾರ. ಸಾರ್ಸ್ ರೋಗದ ಭಯಕ್ಕೆ ಹಾಂಗ್‌ಕಾಂಗ್ ಮತ್ತು ಚೀನಾದ ಪ್ರದರ್ಶನಗಳು ರದ್ದಾಗಿದ್ದವು. ಬೆಂಗಳೂರಿನದೂ ನಿಲ್ಲುತ್ತದೆಂಬ ಗುಸುಗುಸು ಇತ್ತು. ನಿಲ್ಲಲಿಲ್ಲ. ಬದಲಿಗೆ ಮಳೆ ಬಂತು. ಬೇಸಿಗೆಯ ಮೊದಲ ಜೋರು ಮಳೆ. ಮೈದಾನ ಕೆಸರಾಯಿತು, ಜನ ತೊಯ್ದು ತೊಪ್ಪೆಯಾದರು, ಮಿಕ್ ಜಾಗರ್ ಆ ಮಳೆಯ ರಾತ್ರಿಯಲ್ಲೇ ಹಾಡಿದರು. ಅಂದು ಅಲ್ಲಿದ್ದವರು ಇಂದಿಗೂ ಮೊದಲು ಹೇಳುವುದು ಮಳೆಯ ವಿಷಯ, ಆಮೇಲೆ ಹಾಡಿನದು.

ಆದರೂ ಸ್ಟೋನ್ಸ್ ನೋಡಲು ಬಂದವರಲ್ಲಿ ಕುತೂಹಲಕ್ಕೆ ಬಂದವರು, ಹೆಸರಿಗೆ ಬಂದವರು, ಕಂಪನಿ ಕೊಟ್ಟ ಪಾಸಿನಲ್ಲಿ ಬಂದವರು ಬಹಳ ಇದ್ದರು. ಮೇಡನ್‌ಗೆ ಬಂದವರು ಹಾಗಲ್ಲ. ಇದೇ ನನಗೆ ಕಾಣುವ ದೊಡ್ಡ ವ್ಯತ್ಯಾಸ. ಈಶಾನ್ಯ ರಾಜ್ಯಗಳಿಂದ ಎರಡು ಮೂರು ದಿನ ರೈಲಿನಲ್ಲಿ ಕುಳಿತು ಬಂದವರು, ಕೊಲ್ಕತ್ತ, ಮುಂಬಯಿ, ಚೆನ್ನೈ, ಕೊಚ್ಚಿಯವರು. ಅಲ್ಲಿಯವರೆಗೆ ತಮ್ಮ ಊರಿನಲ್ಲಿ ಈ ಸಂಗೀತ ಕೇಳುವವರು ನಾಲ್ಕೈದು ಜನ ಮಾತ್ರ ಎಂದುಕೊಂಡಿದ್ದವರು. ಮನೆಯಲ್ಲಿ ದನಿ ಇಳಿಸು ಎಂದು ಬೈಸಿಕೊಂಡವರು, ದೆವ್ವದ ಸಂಗೀತ ಎಂದು ಅಂಗಿ ಬಚ್ಚಿಡಬೇಕಾದವರು. ಗೇಟು ದಾಟಿ ಒಳಗೆ ಕಾಲಿಟ್ಟಾಗ ಕಣ್ಣು ಹಾಯುವವರೆಗೂ ತಮ್ಮಂಥವರೇ. ಮೂವತ್ತು ಸಾವಿರ ದಾಟಿತ್ತೆಂದು ಮರುದಿನದ ಪತ್ರಿಕೆಗಳು ಬರೆದವು. ತಂಡ ವೇದಿಕೆಗೆ ಬರುವ ಮುಂಚೆಯೇ ಅವತ್ತಿನ ಮುಖ್ಯ ಘಟನೆ ನಡೆದುಹೋಗಿತ್ತು ಎಂದು ನನಗೆ ಅನ್ನಿಸುತ್ತದೆ: ಬಿಡಿಬಿಡಿಯಾಗಿದ್ದ ಕೇಳುಗರು ತಮ್ಮನ್ನು ತಾವು ಒಟ್ಟಾಗಿ ಕಂಡದ್ದು.

ಎಡ್‌ಫೆಸ್ಟ್ ಎಂದು ಹೆಸರಿಟ್ಟಿದ್ದ ಆ ಸಂಜೆ ಶುರುವಾದದ್ದು ಬೆಳಕಿರುವಾಗಲೇ. ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮವಿದ್ದ ಕಾರಣ ಎಲ್ಲವನ್ನೂ ಬೇಗ ಹಚ್ಚಬೇಕು. 2005ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿದಿತ್ತು. ದೆಹಲಿಯ ಪರಿಕ್ರಮ ತಂಡ ಮೊದಲು ನುಡಿಸಿತು. 1991ರಲ್ಲಿ ಹುಟ್ಟಿದ, ಗಿಟಾರುಗಳ ನಡುವೆ ಪಿಟೀಲನ್ನೂ ಇಟ್ಟುಕೊಂಡ ತಂಡ. ಕಾಲೇಜು ಹಬ್ಬಗಳಲ್ಲಿ ಅವರನ್ನು ಕೇಳಿದ್ದವರು ಆ ಬಯಲಿನಲ್ಲಿ ಸಾವಿರಾರು. ತಮ್ಮದೇ ತಂಡವೊಂದು ಆ ದೊಡ್ಡ ವೇದಿಕೆಯ ಮೇಲೆ ನಿಂತದ್ದಕ್ಕೆ ಬಂದ ಚಪ್ಪಾಳೆಯಲ್ಲಿ ಅಭಿಮಾನ ಎದ್ದು ಕೇಳುತ್ತಿತ್ತು. ಅದೇ ವರ್ಷದ ಜೂನ್‌ನಲ್ಲಿ ಪರಿಕ್ರಮದವರು ಇಂಗ್ಲೆಂಡಿನ ಡಾನಿಂಗ್‌ಟನ್ನಿನಲ್ಲಿ ನಡೆಯುವ ಡೌನ್‌ಲೋಡ್ ಉತ್ಸವದಲ್ಲಿ ನುಡಿಸಿದರು. ಬೆಂಗಳೂರಿನ ಸಂಜೆಯೇ ಅವರನ್ನು ಅಲ್ಲಿಗೆ ಕರೆದೊಯ್ದದ್ದು. ಆಮೇಲೆ ಬಂದವಳು ಸ್ಟೀವ್ ಹ್ಯಾರಿಸ್ ಮಗಳು ಲಾರೆನ್ ಹ್ಯಾರಿಸ್. ಅಷ್ಟರಲ್ಲಿ ಜನರಿಗೆ ತಾಳ್ಮೆ ಮುಗಿಯುತ್ತ ಬಂದಿತ್ತು. ‘ಮೇಡನ್, ಮೇಡನ್’ ಎಂಬ ಕೂಗು ಹಾಡುಗಳ ನಡುವಿನ ಬಿಡುವನ್ನೆಲ್ಲ ತುಂಬಿತು.

ದೀಪ ಆರಿತು. ಆ ಪ್ರವಾಸದ ಪಟ್ಟಿಯಂತೆ ಮೊದಲ ಹಾಡು ‘ಡಿಫರೆಂಟ್ ವರ್ಲ್ಡ್’, ಹಿಂದಿನ ವರ್ಷವಷ್ಟೇ ಬಂದ ಆಲ್ಬಮ್ಮಿನದು. ತಂಡದ ಆರೂ ಜನ ಒಟ್ಟಿಗೆ ಬೆಳಕಿಗೆ ಬಂದ ಗಳಿಗೆಯಲ್ಲಿ ಗುಂಪು ಮುಂದಕ್ಕೆ ಹರಿದದ್ದನ್ನು ಎಲ್ಲರೂ ನೆನೆಯುತ್ತಾರೆ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ, ಹೋದ ಕಡೆ ಹೋಗುವುದಷ್ಟೇ ಕೆಲಸ. ಮಾರ್ಚ್‌ನ ಒಣ ಮೈದಾನ, ಅಷ್ಟು ಕಾಲುಗಳು ಕುಣಿದಾಗ ಎದ್ದ ಕೆಂಪು ದೂಳು ವೇದಿಕೆಯ ದೀಪದ ಕೋಲುಗಳಲ್ಲಿ ನಿಂತುಬಿಟ್ಟಿತು. ಮರುದಿನ ಮೂಗು ಸೀನಿದರೆ ಮಣ್ಣು. ಸ್ಟೀವ್ ಹ್ಯಾರಿಸ್ ಒಂದು ಕಾಲನ್ನು ಮುಂದಿನ ಸ್ಪೀಕರಿನ ಮೇಲಿಟ್ಟು, ಬಾಸ್ ಗಿಟಾರನ್ನು ಬಂದೂಕಿನಂತೆ ಗುಂಪಿಗೆ ಗುರಿ ಹಿಡಿದು ನುಡಿಸುವ ಭಂಗಿಯನ್ನು ಪೋಸ್ಟರಿನಲ್ಲಿ ನೋಡಿದ್ದವರಿಗೆ ಅದು ಕಣ್ಣೆದುರಿಗೇ ನಡೆಯಿತು. ಡೇವ್ ಮರ‍್ರೆ, ಏಡ್ರಿಯನ್ ಸ್ಮಿತ್, ಯಾನಿಕ್ ಗರ್ಸ್: ಮೂರು ಗಿಟಾರು. ಹಿಂದೆ ಡ್ರಮ್ಮುಗಳ ಕೋಟೆಯೊಳಗೆ ನಿಕೊ ಮೆಕ್‌ಬ್ರೇನ್. ಬ್ರೂಸ್ ಡಿಕಿನ್‌ಸನ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡುತ್ತಲೇ ಹಾಡಬಲ್ಲ ಮನುಷ್ಯ. ಹಾಡಿಲ್ಲದ ದಿನಗಳಲ್ಲಿ ವಿಮಾನ ಹಾರಿಸುವ ಪೈಲಟ್. ಯಾವ ಊರಿಗೆ ಹೋದರೂ ಆ ಊರಿನ ಹೆಸರು ಹಿಡಿದು ನನಗಾಗಿ ಕಿರುಚಿ ಎಂದು ಕರೆ ಕೊಡುವುದು ಅವರ ರೂಢಿ. ಧ್ವನಿಮುದ್ರಣಗಳಲ್ಲಿ ಲಾಂಗ್ ಬೀಚ್, ರಿಯೊ ಎಂದೆಲ್ಲ ಕೇಳಿ ಬೆಳೆದವರಿಗೆ ಅವತ್ತು ಅದೇ ಗಂಟಲಿನಿಂದ ತಮ್ಮ ಊರಿನ ಹೆಸರು ಕೇಳಿತು. ನನ್ನ ಪಕ್ಕದ ಹಾಸನದ ಹುಡುಗ ಅಳುತ್ತಿದ್ದ. ನಾಚಿಕೆಯಿಲ್ಲದೆ, ಕೂಗುತ್ತಲೇ ಅಳುತ್ತಿದ್ದ.

‘ಫಿಯರ್ ಆಫ್ ದ ಡಾರ್ಕ್’ ಹಾಡಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಅದರಲ್ಲಿ ಗಿಟಾರಿನ ಒಂದು ಎಳೆ ಇದೆ, ಮಾತಿಲ್ಲದ್ದು. ಜಗತ್ತಿನ ಎಲ್ಲ ಮೈದಾನಗಳಲ್ಲೂ ಆ ಎಳೆಯನ್ನು ಗಿಟಾರಿನ ಜೊತೆ ಜನವೇ ಹಾಡುತ್ತಾರೆ. ಬೆಂಗಳೂರಿನಲ್ಲೂ ಹಾಡಿದರು. ಯಾರೂ ಹೇಳಿಕೊಡಲಿಲ್ಲ, ಯಾರೂ ಕೈಸನ್ನೆ ಮಾಡಲಿಲ್ಲ. ಹಾಸ್ಟೆಲ್ ಕೋಣೆಗಳಲ್ಲಿ ಒಬ್ಬೊಬ್ಬರೇ ಗುನುಗಿ ರೂಢಿಸಿಕೊಂಡಿದ್ದ ಸ್ವರಗಳು ಸಾವಿರಾರು ಗಂಟಲುಗಳಿಂದ ಒಟ್ಟಿಗೆ ಹೊರಟವು. ಇಂಗ್ಲಿಷ್ ಬಾರದವನಿಗೂ ಅಲ್ಲಿ ತೊಡಕಿಲ್ಲ, ಯಾಕೆಂದರೆ ಪದವೇ ಇಲ್ಲ. ಆ ದಿನದ ಬಗ್ಗೆ ನಾನು ಮಾತಾಡಿಸಿದ ಪ್ರತಿಯೊಬ್ಬರೂ, ಬೇರೆಲ್ಲ ಮರೆತವರೂ, ಈ ಒಂದು ಗಳಿಗೆಯನ್ನು ಮರೆತಿಲ್ಲ. ಅವರಲ್ಲಿ ಒಬ್ಬಾಕೆ ಆಗ ಮೈಸೂರಿನಲ್ಲಿ ಎಂಎಸ್ಸಿ ಓದುತ್ತಿದ್ದಳು, ಈಗ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಗುಂಪಿನಲ್ಲಿ ಹುಡುಗಿಯರು ಕಡಿಮೆ, ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದೆ, ಆದರೆ ಆ ಹಾಡಿನ ಹೊತ್ತಿಗೆ ಸುತ್ತಲಿದ್ದ ಗಂಡುಹುಡುಗರು ನನಗೆ ಕಾಣಲಿ ಎಂದು ಜಾಗ ಬಿಡಿಸಿ ನಿಂತರು ಎಂದಳು. ಈ ಸಂಗೀತದವರು ಒರಟರು ಎಂದು ಯಾರಾದರೂ ಹೇಳಿದರೆ ಅವಳು ಈ ಮಾತನ್ನೇ ಹೇಳುತ್ತಾಳಂತೆ.

ಮುಂದಿನದು ಬೇಗ ಹೇಳಬಹುದು. ಆ ವರ್ಷದ ಜೂನ್‌ನಲ್ಲೇ ಏರೋಸ್ಮಿತ್ ಬಂತು. 2008ರ ಮಾರ್ಚ್‌ನಲ್ಲಿ ಮೆಗಾಡೆತ್, ಮಷೀನ್ ಹೆಡ್. ಮೇಡನ್ ತಂಡ ತನ್ನದೇ ವಿಮಾನದಲ್ಲಿ, ಡಿಕಿನ್‌ಸನ್ನರೇ ಪೈಲಟ್ಟಾಗಿ ಹೊರಟ 2008ರ ವಿಶ್ವಪ್ರವಾಸದ ಮೊದಲ ನಿಲ್ದಾಣ ಮುಂಬಯಿ. ‘ಫ್ಲೈಟ್ 666’ ಸಾಕ್ಷ್ಯಚಿತ್ರ ನೋಡಿದವರಿಗೆ ಅದು ಗೊತ್ತು. ಮತ್ತೆ 2009ರ ಫೆಬ್ರುವರಿ 15ಕ್ಕೆ ಬೆಂಗಳೂರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಎರಡು ದಿನ ಮೊದಲು ದೆಹಲಿ ಬಳಿಯ ಗುರುಗ್ರಾಮದಲ್ಲಿ ಅವರ ಪ್ರದರ್ಶನ ರದ್ದಾಗಿ, ರೊಚ್ಚಿಗೆದ್ದ ಜನ ವೇದಿಕೆಗೆ ನುಗ್ಗಿದ್ದರು. ಬೆಂಗಳೂರು ತನ್ನ ಪ್ರದರ್ಶನವನ್ನು ಸುಸೂತ್ರವಾಗಿ ನಡೆಸಿಕೊಟ್ಟಿತು. 2012ರಲ್ಲಿ ಗನ್ಸ್ ಎನ್ ರೋಸಸ್ ಬಂದಾಗ ವೇದಿಕೆ ಎದ್ದದ್ದು ಅರಮನೆ ಮೈದಾನದಲ್ಲಲ್ಲ, ಥಣಿಸಂದ್ರದ ಆಚೆ.

ಕನ್ನಡಕ್ಕೆ ಇದರಿಂದ ಏನು ಬಂತೆಂದು ಕೇಳುವವರಿಗೆ ನೇರ ಉತ್ತರ ಕೊಡುವುದು ಕಷ್ಟ. ಆದರೆ ಮೈಸೂರಿನ ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಗಿಟಾರಿನೊಂದಿಗೆ ಹಾಡಿದ ಮೊದಲ ಆಲ್ಬಮ್ಮು 2008ರದು. ಸ್ವರಾತ್ಮ ತಂಡದ ಮೊದಲ ಆಲ್ಬಮ್ಮು 2009ರದು. 1998ರಿಂದ ಮೆಟಲ್ ನುಡಿಸುತ್ತಿರುವ ಬೆಂಗಳೂರಿನ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದ ವೇದಿಕೆ ಏರಿತು. ಇವು ಮಾರ್ಚ್ 17ರ ಫಲ ಎಂದು ನಾನು ಹೇಳುವುದಿಲ್ಲ. ಇವೆಲ್ಲವನ್ನೂ ಕೇಳಿ ಸಾಕಿದ ಜನ ಮಾತ್ರ ಅವರೇ, ಆ ಕರಿ ಅಂಗಿಯವರು. ಎಂಟೂವರೆಗೆ ಮಕ್ಕಳನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವವರು ಈಗ. 2024ರ ಡಿಸೆಂಬರ್‌ನಲ್ಲಿ ನಿಕೊ ಮೆಕ್‌ಬ್ರೇನ್ ಇನ್ನು ಪ್ರವಾಸಕ್ಕೆ ಬರುವುದಿಲ್ಲ ಎಂದಾಗ ನನ್ನ ಫೋನಿಗೆ ಬಂದ ಸಂದೇಶಗಳನ್ನು ನೋಡಿದ್ದರೆ ಮನೆಯ ಹಿರಿಯರಾರೋ ಕೆಲಸದಿಂದ ನಿವೃತ್ತರಾದರು ಎನ್ನಿಸುತ್ತಿತ್ತು.

ಇಷ್ಟು ವರ್ಷವಾದ ಮೇಲೆ ನೆನಪುಗಳು ಒಂದರೊಳಗೊಂದು ಬೆರೆತಿವೆ. 2007ರದನ್ನು ಹೇಳಲು ಹೊರಟವರು 2009ರ ಹಾಡುಗಳನ್ನು ಅದಕ್ಕೆ ಸೇರಿಸುತ್ತಾರೆ. ಮೆಟಾಲಿಕಾಕ್ಕೆ ನಿಂತ ಸಾಲನ್ನು ಮೇಡನ್ನಿನದೆಂದು ಹೇಳುತ್ತಾರೆ. ಅದರಲ್ಲೂ 2003ರ ಮಳೆ ಎಲ್ಲ ಕಾನ್ಸರ್ಟುಗಳ ಮೇಲೂ ಸುರಿದಿದೆ, ಸ್ಟೋನ್ಸ್‌ಗೆ ಹೋಗದವರ ನೆನಪಿನಲ್ಲೂ. ಮರಕ್ಕಡವಿನ ಗೆಳೆಯನೂ ಹಾಗೆಯೇ, ಮಳೆಯಲ್ಲಿ ನೆಂದದ್ದನ್ನು ವಿವರವಾಗಿ ಹೇಳತೊಡಗಿದ. ತಡೆದು, ಅವತ್ತು ಮಳೆ ಬರಲಿಲ್ಲ, ದೂಳಿತ್ತು ಎಂದೆ. ಒಪ್ಪಲಿಲ್ಲ.

“ಇಲ್ಲ ಕಣೋ, ನನ್ನ ಬೂಟು ಒದ್ದೆಯಾಗಿತ್ತು. ಚೆನ್ನಾಗಿ ನೆನಪಿದೆ. ಹಾಸ್ಟೆಲಿಗೆ ಹೋಗಿ ಪೇಪರು ತುರುಕಿ ಒಣಗಿಸಿದೆ.”

“ಹಾಸ್ಟೆಲಿಗೆ ಹೋಗಿದ್ದು ಶುಕ್ರವಾರ ಅಂದ್ಯಲ್ಲ. ಶೋ ಇದ್ದದ್ದು ಶನಿವಾರ.”

ಆ ಕಡೆ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಆಮೇಲೆ ನಕ್ಕ. “ಹೌದಲ್ವಾ. ಹೊಳೇಲಿ ನೀರು ಕಮ್ಮಿ ಇತ್ತು, ತೋಣಿಗೆ ಕಾಯೋದ್ಯಾಕೆ ಅಂತ ನಡಕೊಂಡೇ ದಾಟಿದ್ದೆ. ಬೂಟು ನೆಂದಿದ್ದು ಕಬಿನೀಲಿ.”